ಬೇಳೆಸಾರಿನ ದೂರು, ಜನಾಂಗದ ಮೇಲಿನ ಮಾತು

2025ರ ಜುಲೈಯಲ್ಲಿ ಮುಂಬಯಿಯ ಆಕಾಶವಾಣಿ ಶಾಸಕ ನಿವಾಸದ ಉಪಾಹಾರಗೃಹದಲ್ಲಿ ಬೇಳೆಸಾರು ಹಳಸಿತ್ತೆಂದು ಕೆರಳಿದ ಬುಲ್ಢಾಣಾದ ಶಾಸಕ ಸಂಜಯ ಗಾಯಕ್ವಾಡರು ಅಲ್ಲಿಯ ಸಿಬ್ಬಂದಿಯೊಬ್ಬರಿಗೆ ಹೊಡೆದ ದೃಶ್ಯವನ್ನು ನಾಡೆಲ್ಲ ಕಂಡಿತು. ಬಳಿಕ ಅವರು, ಗುತ್ತಿಗೆಯನ್ನು ಶೆಟ್ಟರಿಗೆ ಕೊಟ್ಟುದೇಕೆಂದು ಕೇಳಿ, ದಕ್ಷಿಣದವರು ಡಾನ್ಸ್ ಬಾರುಗಳನ್ನು ನಡೆಸಿ ಮಹಾರಾಷ್ಟ್ರದ ಸಂಸ್ಕೃತಿಯನ್ನು ಕೆಡಿಸಿದರೆಂಬ ಅರ್ಥದ ಮಾತನ್ನಾಡಿದರು.

ಅನ್ನ ಹಳಸಿದ್ದರೆ ದೂರುವದು ಗಿರಾಕಿಯ ಹಕ್ಕು. ಗಲ್ಲೆಯ ಮೇಲೆ ಕುಳಿತು ಬಾಳಿದ ನಾವು ಅದನ್ನು ಅಲ್ಲಗಳೆಯಲಾರೆವು. ಆಹಾರ ಮತ್ತು ಔಷಧ ಆಡಳಿತವು ತಪಾಸಣೆ ನಡೆಸಿ ಗುತ್ತಿಗೆದಾರರ ಪರವಾನಿಗೆಯನ್ನು ಅಮಾನತಿನಲ್ಲಿಟ್ಟಿತು. ನ್ಯಾಯದ ದಾರಿ ಅದು. ಆದರೆ ಬೇಳೆಯ ದೋಷಕ್ಕೂ ಬೇಯಿಸಿದವನ ಊರಿಗೂ ಏನು ಸಂಬಂಧ?

ಸಿಟ್ಟಿನ ಭರದ ಮಾತೆಂದು ಕೆಲವರು ಸಮಾಧಾನ ಹೇಳಬಹುದು. ಭರದಲ್ಲಿ ನಾಲಗೆಗೆ ಬರುವದು ಮನದಲ್ಲಿ ಮೊದಲೇ ಕುಳಿತ ಚಿತ್ರವೇ. 1960ರ ದಶಕದಲ್ಲಿ ಲುಂಗಿಯ ಹೆಸರೆತ್ತಿ ದಕ್ಷಿಣದವರನ್ನು ಹೀಯಾಳಿಸಿದ ಘೋಷಣೆಯ ಬೆನ್ನಿಗೇ ಉಡುಪಿ ಹೊಟೇಲುಗಳ ಮೇಲೆ ದಾಳಿಗಳಾದವು. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾದಲ್ಲಿ ತೆರೆದ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಉಂಡವರ ಲೆಕ್ಕವನ್ನು ಆ ಚಿತ್ರ ಕೇಳುವದಿಲ್ಲ. ಅಂಬರನಾಥದಲ್ಲಿ ಮುಂಜಾವಿನ ಲೋಕಲ್ ಹಿಡಿಯುವವರಿಗೆ ಇಡ್ಲಿ ಬಡಿಸುವ ಹುಡುಗನನ್ನೂ ಅದು ಕಾಣುವದಿಲ್ಲ.

ನಮ್ಮದೊಂದು ತಪ್ಪನ್ನೂ ಒಪ್ಪಬೇಕು. ನಮ್ಮ ಅಡಿಗೆಮನೆಗಳಲ್ಲಿ ಉತ್ತರದ ಹುಡುಗನನ್ನು ‘ಭೈಯಾ’ ಎಂದು ಹಗುರಾಗಿ ಕೂಗುವವರು ನಾವೇ. ಗ್ಲಾಸು ಒಡೆದರೆ ‘ಇವರ ಜಾತಿಯೇ ಹೀಗೆ’ ಎನ್ನುವವರೂ ನಾವೇ. ಶಾಸಕರ ಮಾತು ನಮ್ಮನ್ನು ಚುಚ್ಚಿದ್ದು ನಿಜವಾದರೆ, ಬಾಂಧವರೇ, ಇಂದಿನಿಂದಲೇ ಆ ಹುಡುಗನನ್ನು ಅವನ ಹೆಸರಿನಿಂದ ಕರೆಯೋಣ.