ಲಾಂಚಿನ ಮೇಷ್ಟ್ರು

ಪ್ರಿನ್ಸ್‌ಟನ್ನಿನ ಕಾರ್ನೆಗಿ ಸರೋವರ ನಮ್ಮ ಲೆಕ್ಕದಲ್ಲಿ ಕೆರೆಯೇ. ಹರಿಯುವ ನೀರಿಗೆ ಒಡ್ಡು ಕಟ್ಟಿ ನಿಲ್ಲಿಸಿದ್ದು. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ಕೊಟ್ಟ ಹಣದಲ್ಲಿ, ವಿಶ್ವವಿದ್ಯಾಲಯದ ಹುಡುಗರು ದೋಣಿ ಓಡಿಸಲಿ ಎಂಬ ಒಂದೇ ಉದ್ದೇಶಕ್ಕೆ ಕಟ್ಟಿದ ಕೆರೆ ಇದು. 1906ರಲ್ಲಿ ಕೆಲಸ ಮುಗಿಯಿತು. ಅದರ ಪಕ್ಕದಲ್ಲೇ ಹಳೆಯ ಕಾಲುವೆ, ಕಾಲುವೆಗೂ ಕೆರೆಗೂ ನಡುವೆ ಮಣ್ಣಿನ ಹಾದಿ. ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೋದಾಗ ಬೆಳಗಿನ ವಾಕಿಂಗಿಗೆ ನಾನು ಹಿಡಿಯುವುದು ಅದೇ ಹಾದಿಯನ್ನು.

ಅಲ್ಲಿ ಪರಿಚಯವಾದವರು ಒಬ್ಬ ಹಿರಿಯರು. ವಯಸ್ಸು ಎಂಬತ್ತರ ಆಸುಪಾಸು, ಕೊರಳಲ್ಲಿ ದಾರ, ದಾರದ ತುದಿಗೆ ಸ್ಟಾಪ್‌ವಾಚ್. ಕೆರೆಯಲ್ಲಿ ಎಂಟು ಹುಡುಗರ ದೋಣಿ ಸಾಗಿದರೆ ಇವರು ದಂಡೆಯಲ್ಲಿ ನಿಂತು ಗುಂಡಿ ಒತ್ತುತ್ತಾರೆ. ಪೂರ್ವ ತೀರದ ಒಂದು ಕಾಲೇಜಿನಲ್ಲಿ ಬಹಳ ವರ್ಷ ಲೈಟ್‌ವೇಟ್ ತಂಡಕ್ಕೆ, ಅದರಲ್ಲೂ ಮೊದಲ ವರ್ಷದ ಹುಡುಗರಿಗೆ ಹುಟ್ಟು ಹಾಕುವುದನ್ನು ಕಲಿಸಿದವರು. ಹೆಸರು ಬರೆಯಬೇಡಿ ಎಂದು ಕೈಮುಗಿದಂತೆ ಹೇಳಿದರು, ಬರೆಯುವುದಿಲ್ಲ. ಇಲ್ಲಿ ಅವರನ್ನು ಮೇಷ್ಟ್ರು ಎನ್ನುತ್ತೇನೆ.

ಲೈಟ್‌ವೇಟ್ ಎಂದರೆ ಏನು ಎಂದು ಮೊದಲು ಹೇಳಬೇಕು. ದೋಣಿ ಸ್ಪರ್ಧೆಯಲ್ಲಿ ಗೆಲ್ಲುವವರು ಸಾಮಾನ್ಯವಾಗಿ ಆಜಾನುಬಾಹುಗಳು, ತೊಂಬತ್ತು ಕಿಲೋ ದಾಟಿದವರು. ಉದ್ದ ಕೈಕಾಲು ಇದ್ದವನ ಹುಟ್ಟು ನೀರಿನಲ್ಲಿ ಹೆಚ್ಚು ದೂರ ಸಾಗುತ್ತದೆ. ಹಾಗಾದರೆ ಸಾಧಾರಣ ಮೈಕಟ್ಟಿನ ಹುಡುಗ ದಂಡೆಯಲ್ಲೇ ನಿಲ್ಲಬೇಕೆ? ಬೇಡ ಎಂದವರು ಕೆನಡಾದಿಂದ ಬಂದ ಜೋಸೆಫ್ ರೈಟ್. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಬಂದ ರೈಟ್, 150 ಪೌಂಡಿನೊಳಗಿನ ಹುಡುಗರದ್ದೇ ಬೇರೆ ತಂಡ ಕಟ್ಟಿದರು. ಮೇಷ್ಟ್ರು ಈಗಲೂ ಆ ತಂಡಗಳನ್ನು ‘ನೂರೈವತ್ತರವರು’ ಎಂದೇ ಕರೆಯುತ್ತಾರೆ. ಆಮೇಲೆ ಮಿತಿ ಸ್ವಲ್ಪ ಸಡಿಲವಾಯಿತು. ಬಹುಕಾಲ ನಡೆದುಬಂದ ನಿಯಮದಂತೆ ಯಾರೊಬ್ಬರೂ 160 ಪೌಂಡ್ ಮೀರುವಂತಿರಲಿಲ್ಲ, ದೋಣಿಯ ಸರಾಸರಿ 155 ದಾಟುವಂತಿರಲಿಲ್ಲ. ನಮ್ಮ ಲೆಕ್ಕಕ್ಕೆ ಎಪ್ಪತ್ತು ಕಿಲೋ, ಅಷ್ಟೆ. ಪೂರ್ವದ ಕಾಲೇಜುಗಳ ಈಸ್ಟರ್ನ್ ಸ್ಪ್ರಿಂಟ್ಸ್ ಪಂದ್ಯದಲ್ಲಿ ಗೆದ್ದ ಲೈಟ್‌ವೇಟ್ ತಂಡಕ್ಕೆ ಇವತ್ತಿಗೂ ಕೊಡುವುದು ಜೋಸೆಫ್ ರೈಟ್ ಹೆಸರಿನ ಪಾರಿತೋಷಕ.

ಕೋಚ್ ಕೂರುವುದು ದೋಣಿಯಲ್ಲಲ್ಲ, ಪಕ್ಕದಲ್ಲಿ ಸಾಗುವ ಪುಟ್ಟ ಮೋಟಾರು ದೋಣಿಯಲ್ಲಿ. ಅದಕ್ಕೆ ಅಲ್ಲಿಯೂ ‘ಲಾಂಚ್’ ಎಂದೇ ಹೆಸರು. ಆ ಪದ ಕಿವಿಗೆ ಬಿದ್ದೊಡನೆ ನನಗೆ ಶರಾವತಿ ಹಿನ್ನೀರಿನ ಸಿಗಂದೂರು ಲಾಂಚು ನೆನಪಾಯಿತು. ಬಸ್ಸು, ಕಾರು, ಹೂವಿನ ಬುಟ್ಟಿಗಳನ್ನೆಲ್ಲ ಹೊತ್ತ ಆ ಲಾಂಚೆಲ್ಲಿ, ಒಬ್ಬ ಮನುಷ್ಯ, ಒಂದು ಮೆಗಾಫೋನು, ಒಂದು ನೋಟ್‌ಬುಕ್ ಇರುವ ಈ ಲಾಂಚೆಲ್ಲಿ! ಮಂಜು ಕರಗುವ ಮೊದಲೇ ನೀರಿಗಿಳಿಯಬೇಕು. ಮಾರ್ಚ್ ತಿಂಗಳಲ್ಲಿ ಬೆರಳು ಮರಗಟ್ಟುತ್ತದೆ. ದೋಣಿಯಲ್ಲಿರುವ ಹುಡುಗರಿಗೆ ಮೈ ಬಿಸಿಯಾಗುತ್ತದೆ, ಲಾಂಚಿನಲ್ಲಿ ಸುಮ್ಮನೆ ಕೂತವನಿಗೆ ಆಗುವುದಿಲ್ಲ. ಮೇಷ್ಟ್ರ ಬಲಗೈಯ ಎರಡು ಬೆರಳು ಈಗಲೂ ಚಳಿಗೆ ಬಿಳಿಚಿಕೊಳ್ಳುತ್ತವೆ.

ಅವರ ನೋಟ್‌ಬುಕ್ಕುಗಳನ್ನು ನೋಡಲೆಂದೇ ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಮಳೆಗೆ ನೆನೆದು ಉಬ್ಬಿದ ಹಾಳೆಗಳು, ಪೆನ್ಸಿಲ್ ಬರಹ. ಪ್ರತಿ ಪುಟದಲ್ಲೂ ಎರಡೆರಡು ಹೆಸರು, ನಡುವೆ ಬಾಣದ ಗುರುತು, ಎದುರಿಗೆ ಸೆಕೆಂಡುಗಳು. ಇದು ಸೀಟ್ ರೇಸಿನ ಲೆಕ್ಕ. ನಾಲ್ವರಿರುವ ಎರಡು ದೋಣಿಗಳನ್ನು ಅಕ್ಕಪಕ್ಕ ಓಡಿಸುತ್ತಾರೆ. ಯಾವುದು ಎಷ್ಟು ಮುಂದೆ ಬಂತು ಎಂದು ಬರೆದುಕೊಳ್ಳುತ್ತಾರೆ. ಆಮೇಲೆ ನಡುನೀರಿನಲ್ಲೇ ಎರಡನ್ನೂ ಒತ್ತಿ ನಿಲ್ಲಿಸಿ, ಈ ದೋಣಿಯ ಒಬ್ಬನನ್ನು ಆ ದೋಣಿಗೆ, ಆ ದೋಣಿಯವನನ್ನು ಈ ದೋಣಿಗೆ ದಾಟಿಸುತ್ತಾರೆ. ಮತ್ತೆ ಅದೇ ದೂರ, ಅದೇ ವೇಗದ ಹುಟ್ಟು. ಅಂತರ ಎಷ್ಟು ಬದಲಾಯಿತೋ ಅದು ಆ ಇಬ್ಬರ ನಡುವಿನ ವ್ಯತ್ಯಾಸ. ಮಾತಿಲ್ಲ, ವಶೀಲಿಯಿಲ್ಲ. ಹಾಗೆಂದು ಇದು ಬರೀ ಗಣಿತವೂ ಅಲ್ಲ. ಗಾಳಿ ತಿರುಗಿತೆ, ಮೂರನೆಯ ಓಟಕ್ಕೆ ಉಳಿದವರು ದಣಿದರೆ, ಗೆಳೆಯನ ಸೀಟು ಉಳಿಸಲೆಂದು ಯಾರಾದರೂ ಕೈ ಸಡಿಲ ಬಿಟ್ಟರೆ, ಇದನ್ನೆಲ್ಲ ಲಾಂಚಿನಲ್ಲಿ ಕೂತವನ ಕಣ್ಣು ಹಿಡಿಯಬೇಕು.

“ದೊಡ್ಡ ಹುಡುಗರಲ್ಲಿ ಕೆಲವೊಮ್ಮೆ ಹುಟ್ಟು ಹಾಕುವ ಅಭ್ಯಾಸದ ಯಂತ್ರದ ಅಂಕಿ ನೋಡಿಯೇ ಸೀಟು ಕೊಟ್ಟುಬಿಡಬಹುದು. ನನ್ನ ಹುಡುಗರದ್ದೆಲ್ಲ ಒಂದೇ ತೂಕ, ಹೆಚ್ಚುಕಡಿಮೆ ಒಂದೇ ಶಕ್ತಿ. ಯಾರು ನೀರನ್ನು ಬಲ್ಲವರು ಅನ್ನುವುದಷ್ಟೇ ಉಳಿಯುತ್ತಿತ್ತು” ಎಂದರು ಮೇಷ್ಟ್ರು.

ನೀರನ್ನು ಬಲ್ಲವರು ಎಂದರೆ? ದೋಣಿಯೊಳಗಿನ ಸೀಟು ಗಾಲಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಒಂದು ಎಳೆತ ಮುಗಿಸಿ ಮುಂದಿನದಕ್ಕೆ ಜಾರುವಾಗ ಎಂಟು ದೇಹಗಳ ಭಾರ ದೋಣಿಯ ಓಟಕ್ಕೆ ಎದುರಾಗಿ ಚಲಿಸುತ್ತದೆ. ಆಗ ಯಾರಾದರೂ ಧಾವಿಸಿದರೆ ದೋಣಿ ತಡವರಿಸುತ್ತದೆ. ನಿಧಾನವಾಗಿ, ಒಟ್ಟಿಗೆ ಜಾರಿದರೆ ಹುಟ್ಟುಗಳೆಲ್ಲ ಗಾಳಿಯಲ್ಲಿರುವಾಗಲೂ ದೋಣಿ ತಾನೇ ಹರಿಯುತ್ತದೆ, ತಳದಲ್ಲಿ ಗುಳ್ಳೆಗಳ ಸದ್ದು ಕೇಳುತ್ತದೆ. ಆ ಸದ್ದಿಗೋಸ್ಕರ ಮೇಷ್ಟ್ರು ಲಾಂಚಿನ ಮೋಟಾರು ಆರಿಸಿಬಿಡುತ್ತಿದ್ದರಂತೆ. ಹಗುರದವರು ನಿಧಾನವೆಂದು ತಿಳಿಯಬಾರದು. ಎರಡು ಕಿಲೋಮೀಟರಿನ ಎಂಟು ಜನರ ಓಟದಲ್ಲಿ ಜಗತ್ತಿನ ಅತ್ಯುತ್ತಮ ಸಮಯ ದೊಡ್ಡವರದ್ದು 5 ನಿಮಿಷ 18 ಸೆಕೆಂಡು, ಲೈಟ್‌ವೇಟಿನದ್ದು 5 ನಿಮಿಷ 30. ಆಳೊಬ್ಬನಿಗೆ ಇಪ್ಪತ್ತು ಕಿಲೋ ವ್ಯತ್ಯಾಸವಿದ್ದರೂ ಅಂತರ ಹನ್ನೆರಡೇ ಸೆಕೆಂಡು.

ಇಂಥ ಕಡೆ ಪಳಗಿದ ಕೋಚ್‌ಗಳು ಎತ್ತರಕ್ಕೆ ಹೋಗಿದ್ದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದ ಕಾಲೇಜು ದೋಣಿ ಸ್ಪರ್ಧೆಯಲ್ಲಿ ಸ್ಟೀವ್ ಗ್ಲ್ಯಾಡ್‌ಸ್ಟನ್ ಹೆಸರು ದೊಡ್ಡದು. ಬ್ರೌನ್, ಕ್ಯಾಲಿಫೋರ್ನಿಯಾ, ಯೇಲ್ ಮೂರೂ ಕಡೆ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿದವರು; ಯೇಲ್ ತಂಡ 2017, 2018, 2019 ಸತತ ಮೂರು ವರ್ಷ ಗೆದ್ದದ್ದು ಅವರ ಕೈಕೆಳಗೆ. ಆದರೆ ಅವರು ಕಲಿಸಲು ಶುರುಮಾಡಿದ್ದು ಇದೇ ಪ್ರಿನ್ಸ್‌ಟನ್ನಿನಲ್ಲಿ, ಮೊದಲ ವರ್ಷದ ಲೈಟ್‌ವೇಟ್ ಹುಡುಗರಿಗೆ. ಅಲ್ಲಿಂದ ಹಾರ್ವರ್ಡಿನ ಲೈಟ್‌ವೇಟ್ ತಂಡಕ್ಕೆ ಹೋಗಿ, 1969ರಿಂದ 1972ರವರೆಗೆ ಸೋಲನ್ನೇ ಕಾಣದೆ, ಆಮೇಲೆ ದೊಡ್ಡವರ ದೋಣಿ ಹಿಡಿದರು. ಹಾರ್ವರ್ಡಿನಲ್ಲಿ ಐವತ್ತು ವರ್ಷ ಕೋಚ್ ಆಗಿದ್ದ ಹ್ಯಾರಿ ಪಾರ್ಕರ್ 2013ರಲ್ಲಿ ತೀರಿಕೊಂಡಾಗ ಅವರ ಜಾಗಕ್ಕೆ ಬಂದ ಚಾರ್ಲಿ ಬಟ್ ಕೂಡ ಅಲ್ಲಿನ ಲೈಟ್‌ವೇಟ್ ಕೋಚೇ. ಪ್ರಿನ್ಸ್‌ಟನ್ನಿನ ಗ್ರೆಗ್ ಹ್ಯೂಸ್ ಹಿಡಿದದ್ದೂ ಅದೇ ದಾರಿ.

ನನ್ನ ತಕರಾರು ಇರುವುದು ಇಲ್ಲಿಯೇ. ಲೈಟ್‌ವೇಟ್ ಎನ್ನುವುದು ದೊಡ್ಡ ಹುದ್ದೆಗೆ ಮೆಟ್ಟಿಲು ಎಂಬ ಭಾವನೆ ಎಲ್ಲರಲ್ಲಿ ಬೇರೂರಿದೆ. ಆ ಮೆಟ್ಟಿಲಿನ ಮೇಲೇ ಬದುಕು ಕಳೆದವರೂ ಇದ್ದಾರಲ್ಲ! ಯೇಲಿನ ಆ್ಯಂಡಿ ಕಾರ್ಡ್ ಮೂರು ದಶಕ ಲೈಟ್‌ವೇಟ್ ಹುಡುಗರಿಗೇ ಕಲಿಸಿದರು. ನಮ್ಮ ಪ್ರಾಥಮಿಕ ಶಾಲೆಯ ಮೇಷ್ಟ್ರನ್ನು ಯಾಕೆ ಹೈಸ್ಕೂಲಿಗೆ ಹೋಗಲಿಲ್ಲ ಎಂದು ಕೇಳುವಂತೆ ಇವರನ್ನೂ ಕೇಳುತ್ತಾರೆ. ಅಕ್ಷರ ಕಲಿಸಿದ ಕೈ ಯಾವುದೆಂದು ಯಾರೂ ಕೇಳುವುದಿಲ್ಲ.

ಈ ಕಸುಬಿನಲ್ಲಿ ನೋವಿನ ಭಾಗವೊಂದಿದೆ, ತಕ್ಕಡಿ. ತೂಕ ಇಳಿಸಲು ಹುಡುಗರು ಬೆಚ್ಚನೆಯ ಬಟ್ಟೆ ಹೊದ್ದು ಓಡಿ ಬೆವರು ಸುರಿಸುತ್ತಾರೆ, ನೀರು ಬಿಡುತ್ತಾರೆ, ಊಟ ಬಿಡುತ್ತಾರೆ. ಕೆಲವರಿಗೆ ಅದು ಕಾಯಿಲೆಯಾಗಿ ಉಳಿಯುತ್ತದೆ. ಹತ್ತೊಂಬತ್ತರ ಹುಡುಗನೊಬ್ಬ ಕಣ್ಣು ಗುಳಿಬಿದ್ದು ಬಂದು ನಿಂತಾಗ ಮೇಷ್ಟ್ರು ತಕ್ಕಡಿಯನ್ನು ಗೋಡೆಗೆ ಒರಗಿಸಿ, “ನಿನ್ನ ಮೈ ಬೆಳೆಯಬೇಕು ಅನ್ನುತ್ತಿದೆ, ಬೆಳೆಯಲಿ ಬಿಡು. ಹೋಗಿ ಊಟ ಮಾಡು, ನಾಳೆಯಿಂದ ಆ ಕಡೆಯ ದೋಣಿ” ಎಂದು ದೊಡ್ಡವರ ತಂಡಕ್ಕೆ ಕಳಿಸಿದರಂತೆ. ಆ ವರ್ಷ ಅವರ ದೋಣಿ ಸೋತಿತು. ಅವನೇ ಅವರ ಅತ್ಯುತ್ತಮ ಹುಡುಗನಾಗಿದ್ದ. ಈ ಕಥೆ ಹೇಳುವಾಗ ಮೇಷ್ಟ್ರ ದನಿಯಲ್ಲಿ ವಿಷಾದವಿರಲಿಲ್ಲ. ಇನ್ನೂ ಮೊದಲೇ ಕಳಿಸಬೇಕಿತ್ತು ಎಂದಷ್ಟೇ ಅಂದರು.

ಈಗ ದೋಣಿಗಳೇ ಕಡಿಮೆಯಾಗುತ್ತಿವೆ. ನಮ್ಮ ಕನ್ನಡಿಗರು ತುಂಬಿರುವ ಎಡಿಸನ್ನಿಗೆ ತಾಗಿಕೊಂಡೇ ರಟ್ಗರ್ಸ್ ವಿಶ್ವವಿದ್ಯಾಲಯವಿದೆ, ರಾರಿಟನ್ ನದಿಯಿದೆ. 2006ರಲ್ಲಿ ಅವರು ಕೈಬಿಡುವುದಾಗಿ ಹೇಳಿದ ಆರು ಕ್ರೀಡಾ ತಂಡಗಳಲ್ಲಿ ಗಂಡುಮಕ್ಕಳ ಲೈಟ್‌ವೇಟ್ ದೋಣಿಯೂ ಒಂದು. ಡಾರ್ಟ್ಮತ್ ಕಾಲೇಜು 2020ರಲ್ಲಿ ಐದು ತಂಡಗಳನ್ನು ನಿಲ್ಲಿಸಿತು, ಅದರಲ್ಲೂ ಲೈಟ್‌ವೇಟ್ ಇತ್ತು. ಹೆಣ್ಣುಮಕ್ಕಳ ಸಮಾನ ಹಕ್ಕಿನ ಕಾನೂನಿನ ಪ್ರಶ್ನೆ ಎದ್ದ ಮೇಲೆ 2021ರ ಜನವರಿಯಲ್ಲಿ ಐದನ್ನೂ ಮರಳಿ ತಂದಿತು. ಒಲಿಂಪಿಕ್ಸಿನಲ್ಲಿ ಮಾತ್ರ ಮರಳುವ ಸೂಚನೆಯಿಲ್ಲ. 1996ರ ಅಟ್ಲಾಂಟಾದಲ್ಲಿ ಬಂದ ಲೈಟ್‌ವೇಟ್ ವಿಭಾಗ 2024ರ ಪ್ಯಾರಿಸ್‌ಗೆ ಮುಗಿಯಿತು. 2028ರ ಲಾಸ್ ಏಂಜಲಿಸ್ ಪಟ್ಟಿಯಲ್ಲಿ ಅದು ಇಲ್ಲ.

ಅಮೆರಿಕದ ಕೆರೆಯ ಈ ಸಂಕಟ ನಮಗೇಕೆ ಎನ್ನಬೇಡಿ. 2008, 2012, ಮತ್ತೆ ಟೋಕಿಯೊ, ಮೂರು ಒಲಿಂಪಿಕ್ಸಿಗೆ ನಮ್ಮ ಹುಡುಗರು ಜೋಡಿದೋಣಿಯಲ್ಲಿ ಹೋದದ್ದು ಲೈಟ್‌ವೇಟ್ ಬಾಗಿಲಿನಿಂದ. ಟೋಕಿಯೊದಲ್ಲಿ ಹನ್ನೊಂದನೆಯವರಾಗಿ ಬಂದ ಅರ್ಜುನ್ ಲಾಲ್ ಜಾಟ್, ಅರವಿಂದ್ ಸಿಂಗ್ ಜೋಡಿ 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದಿತು. ಎಪ್ಪತ್ತು ಕಿಲೋ ಎಂದರೆ ನಮ್ಮ ಹಳ್ಳಿಯ ಗಟ್ಟಿ ಹುಡುಗನ ತೂಕ. ಇದನ್ನು ಹೇಳಿದಾಗ ಮೇಷ್ಟ್ರು ಕಿವಿಗೊಟ್ಟು ಕೇಳಿದರು. ನಿಮ್ಮೂರಲ್ಲಿ ಉದ್ದನೆಯ ಕೆರೆಗಳಿವೆಯೇ ಎಂದರು. ಇವೆ ಎಂದೆ. ನೀರು ಎಷ್ಟು ತಿಂಗಳು ನಿಲ್ಲುತ್ತದೆ ಎಂದು ಕೇಳಿದಾಗ ಉತ್ತರ ಕೊಡಲು ತಡವರಿಸಿದೆ.

ಊರಿಗೆ ಹೊರಡುವ ಮುನ್ನಾದಿನ ಮತ್ತೆ ಆ ಹಾದಿಯಲ್ಲಿ ಹೋದೆ. ವಾಷಿಂಗ್ಟನ್ ರಸ್ತೆಯ ಸೇತುವೆಯಡಿಯಿಂದ ಎಂಟು ಜನರ ದೋಣಿಯೊಂದು ಹೊರಬಂತು. ಹಿಂದೆ ಲಾಂಚು, ಲಾಂಚಿನಲ್ಲಿ ಟೊಪ್ಪಿಗೆಯ ಯುವತಿಯೊಬ್ಬಳು ಮೆಗಾಫೋನ್ ಹಿಡಿದು ನಿಂತಿದ್ದಳು. ಮೇಷ್ಟ್ರ ಬೆರಳು ಗುಂಡಿಯ ಮೇಲೆ ಹೋಯಿತು. “ನಿಮಿಷಕ್ಕೆ ಹದಿನೆಂಟು ಎಳೆತ” ಎಂದರು ತಮಗೆ ತಾವೇ. ಆಮೇಲೆ ಕೊಂಚ ಮುಂದೆ ಬಾಗಿ, “ಮೂರನೆಯ ಸೀಟಿನವನು ಜಾರುವಾಗ ಅವಸರ ಮಾಡ್ತಾನೆ” ಎಂದರು. ದೋಣಿ ಅಷ್ಟರಲ್ಲಿ ದೂರ ಹೋಗಿತ್ತು. ನೀರಿನ ಮೇಲಿಂದ ಆ ಹುಡುಗಿಯ ದನಿ ತೇಲಿ ಬಂತು: “ಮೂರು, ನಿಧಾನ.”

ಮೇಷ್ಟ್ರು ಸ್ಟಾಪ್‌ವಾಚನ್ನು ಅಂಗಿಯೊಳಕ್ಕೆ ಇಳಿಬಿಟ್ಟು ಮನೆಯ ಕಡೆ ತಿರುಗಿದರು.