ಹಸುವಿನ ಮೈಗೂದಲು ಮತ್ತು ಬೇಸಿಗೆಯ ಹಾಲು



ಬೇಸಿಗೆಯಲ್ಲಿ ಎಚ್.ಎಫ್. ಮಿಶ್ರತಳಿ ಹಸುಗಳು ಏದುಸಿರು ಬಿಡುತ್ತವೆ. ಮೇವು ತಿನ್ನುವುದು ಕಡಿಮೆಯಾಗಿ ಹಾಲು ಇಳಿಯುತ್ತದೆ. ಕೆರಿಬಿಯನ್ ದ್ವೀಪ ಸೇಂಟ್ ಕ್ರಾಯ್‌ನ ಸೆನೆಪೋಲ್ ತಳಿಯ ದನಗಳಿಗೆ ಮೈಗೂದಲು ತೀರ ಗಿಡ್ಡ, ನುಣುಪು. ಅವು ಬಿಸಿಲಿನ ತಾಪವನ್ನು ಚೆನ್ನಾಗಿ ತಡೆಯುತ್ತವೆ. ಪ್ರೊಲ್ಯಾಕ್ಟಿನ್ ಹಾರ್ಮೋನಿಗೆ ಸಂಬಂಧಿಸಿದ ಒಂದು ವಂಶವಾಹಿಯ ಬದಲಾವಣೆಯೇ ಈ ಕೂದಲಿಗೆ ಕಾರಣವೆಂದು 2014ರಲ್ಲಿ ಪ್ರಕಟವಾಯಿತು. ಇದು ಪ್ರಬಲ ಗುಣ. ಹೋರಿ, ಹಸು ಎರಡರಲ್ಲಿ ಒಂದರಿಂದ ಬಂದರೂ ಕರುವಿನಲ್ಲಿ ಕಾಣುತ್ತದೆ. ಅಮೆರಿಕದ ಫ್ಲೋರಿಡಾದಲ್ಲಿ ಈ ಗುಣವಿರುವ ಹೋಲ್‌ಸ್ಟೀನ್ ಹಸುಗಳಲ್ಲಿ ಬೇಸಿಗೆಯ ಹಾಲಿನ ಇಳಿಕೆ ಕಡಿಮೆಯಿತ್ತು.

ಕೂದಲು ಗಿಡ್ಡವಿದ್ದ ಮಾತ್ರಕ್ಕೆ ಹೋರಿಯಲ್ಲಿ ಈ ಗುಣವಿದೆ ಎಂದು ನಂಬಬೇಡಿ. ವಂಶವಾಹಿ ಪರೀಕ್ಷೆಯಿಂದಲೇ ಖಚಿತವಾಗಬೇಕು. ನಿಮ್ಮ ಕೊಟ್ಟಿಗೆಯ ಹಸುಗಳಿಗೆ ಬೇಸಿಗೆಯಲ್ಲಿ ನೆರಳು, ಗಾಳಿ, ದಿನವಿಡೀ ಕುಡಿಯುವ ನೀರು, ತಂಪು ಹೊತ್ತಿನಲ್ಲಿ ಮೇವು ತಪ್ಪಬಾರದು.