ಶುಗರ್ ರಿಪೋರ್ಟಿನಲ್ಲಿ ನಾವು ಓದದೆ ಬಿಡುವ ಸಾಲುಗಳು

ಕಲಬುರಗಿ, ಬೀದರ್, ರಾಯಚೂರು ಕಡೆಯ ಜನ ದೊಡ್ಡಾಸ್ಪತ್ರೆ ಎಂದರೆ ಇವತ್ತಿಗೂ ಹೈದರಾಬಾದಿನ ದಾರಿ ಹಿಡಿಯುತ್ತಾರೆ. 1956ರವರೆಗೆ ಈ ಜಿಲ್ಲೆಗಳಿಗೆ ಅದೇ ರಾಜಧಾನಿಯಾಗಿತ್ತಲ್ಲ, ಆ ನಂಟು ಇನ್ನೂ ಹರಿದಿಲ್ಲ. ಸಕ್ಕರೆ ಕಾಯಿಲೆಗೆ ತೋರಿಸಿಕೊಂಡು ಊರಿಗೆ ಮರಳಿದವರನ್ನು ಮನೆಯವರು ಕೇಳುವುದು ಒಂದೇ ಪ್ರಶ್ನೆ: ‘ಶುಗರ್ ಎಷ್ಟು ಬಂತು?’ ಆದರೆ ಲ್ಯಾಬಿನವರು ಕೊಟ್ಟ ಹಾಳೆಯಲ್ಲಿ ಇರುವುದು ಒಂದು ಅಂಕಿಯಲ್ಲ. ಒಂದೊಂದು ಸಾಲೂ ಬೇರೆ ಬೇರೆ ಕಾಲದ ಸುದ್ದಿ ಹೇಳುತ್ತದೆ.

ಎಫ್‌ಬಿಎಸ್ ಎಂಬುದು ಕನಿಷ್ಠ ಎಂಟು ಗಂಟೆ ಏನೂ ತಿನ್ನದೆ ಕೊಟ್ಟ ರಕ್ತದಲ್ಲಿನ ಗ್ಲೂಕೋಸ್. ಪ್ರತಿ ಡೆಸಿಲೀಟರ್‌ಗೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದು, ಮರುಪರೀಕ್ಷೆಯಲ್ಲೂ ಹಾಗೇ ಬಂದರೆ ಅದು ಮಧುಮೇಹ. ಅದಕ್ಕಿಂತ ಕೆಳಗೆ ‘ಪ್ರೀಡಯಾಬಿಟಿಸ್’ ಎಲ್ಲಿಂದ ಶುರು ಎಂಬುದಕ್ಕೆ ಎರಡು ಗೆರೆಗಳಿವೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 100 ಎನ್ನುತ್ತದೆ, ವಿಶ್ವ ಆರೋಗ್ಯ ಸಂಸ್ಥೆ 110 ಎನ್ನುತ್ತದೆ. ಒಂದೇ ಅಂಕಿಯನ್ನು ಒಬ್ಬರು ‘ನಾರ್ಮಲ್’ ಎಂದು, ಇನ್ನೊಬ್ಬರು ‘ಬಾರ್ಡರ್’ ಎಂದು ಹೇಳುವುದಕ್ಕೆ ಇದೂ ಕಾರಣ. ಪಿಪಿಬಿಎಸ್ ಊಟ ಶುರು ಮಾಡಿ ಎರಡು ಗಂಟೆಯಾದ ಮೇಲಿನ ಲೆಕ್ಕ. ಇವೆರಡೂ ಆ ಹೊತ್ತಿನ ಮಾತು. ಹಿಂದಿನ ರಾತ್ರಿಯ ನಿದ್ದೆ, ಜ್ವರ, ಮದುವೆಯೂಟ, ಯಾವುದರಿಂದಲಾದರೂ ಏರುಪೇರಾಗುತ್ತವೆ.

ಎಚ್‌ಬಿಎ1ಸಿ ಹಾಗಲ್ಲ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅದರೊಳಗಿನ ಹಿಮೋಗ್ಲೋಬಿನ್‌ಗೆ ರಕ್ತದ ಗ್ಲೂಕೋಸ್ ನಿಧಾನವಾಗಿ ಅಂಟಿಕೊಳ್ಳುತ್ತದೆ, ಒಮ್ಮೆ ಭದ್ರವಾಗಿ ಅಂಟಿದರೆ ಕಣ ಸಾಯುವವರೆಗೂ ಬಿಡುವುದಿಲ್ಲ. ಹಾಗಾಗಿ ಅಂಟಿದ ಪಾಲು ನೂರಕ್ಕೆ ಎಷ್ಟು ಎಂದು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. 6.5 ಮತ್ತು ಅದಕ್ಕಿಂತ ಮೇಲೆ ಮಧುಮೇಹ. 7 ಎಂದರೆ ಸರಾಸರಿ ಗ್ಲೂಕೋಸ್ ಸುಮಾರು 154, 8 ಎಂದರೆ 183. ಪರೀಕ್ಷೆಗೆ ಎರಡು ದಿನ ಮುಂಚೆ ಪಥ್ಯ ಮಾಡಿದರೆ ಬೆಳಗಿನ ಸಕ್ಕರೆ ಇಳಿಯಬಹುದು, ಈ ಅಂಕಿ ಅಲುಗುವುದಿಲ್ಲ.

ಆದರೂ ಇದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಬಹುದು. ರಕ್ತ ಹಾಕಿಸಿಕೊಂಡವರಲ್ಲಿ, ರಕ್ತಕಣ ಬೇಗ ಒಡೆಯುವ ಕಾಯಿಲೆ ಇರುವವರಲ್ಲಿ ಕಡಿಮೆ ತೋರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಆದ್ದರಿಂದ ನಮ್ಮ ಅಕ್ಕತಂಗಿಯರ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡದೆ ಇದೊಂದನ್ನೇ ಹಿಡಿದು ತೀರ್ಮಾನಕ್ಕೆ ಬರುವುದು ತಪ್ಪು.

ಟೈಪ್ 1, ಟೈಪ್ 2 ಎಂಬ ಹೆಸರುಗಳ ವಿಷಯದಲ್ಲೂ ಗೊಂದಲ ಸಾಕಷ್ಟಿದೆ. ಮೊದಲನೆಯದರಲ್ಲಿ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶ ಮಾಡುತ್ತದೆ. ಎರಡನೆಯದರಲ್ಲಿ ಇನ್ಸುಲಿನ್ ಇದ್ದರೂ ಕೆಲಸ ಮಾಡದು, ಸಾಲದು. ಎಳೆಯ ವಯಸ್ಸು, ತೆಳ್ಳನೆ ಮೈ ಎಂದರೆ ಟೈಪ್ 1 ಎನ್ನುವುದು ಯುರೋಪಿನ ಲೆಕ್ಕ. ನಮ್ಮಲ್ಲಿ ಟೈಪ್ 2 ಕೂಡ ಚಿಕ್ಕ ವಯಸ್ಸಿನವರಿಗೆ, ತೆಳ್ಳಗಿರುವವರಿಗೆ ಬರುತ್ತದೆ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪುಣೆಯ ಕೆಇಎಂ ಆಸ್ಪತ್ರೆ, ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಜೊತೆ ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ವಂಶವಾಹಿಗಳಿಂದ ಲೆಕ್ಕ ಹಾಕಿದ ಅಂಕದ ನೆರವಿನಿಂದ ಭಾರತೀಯರಲ್ಲೂ ಈ ಎರಡನ್ನು ಬೇರ್ಪಡಿಸಬಹುದು ಎಂದು ತೋರಿಸಿತು. ಇದು ಮುಖ್ಯವಾದ ಕೆಲಸ, ಏಕೆಂದರೆ ಟೈಪ್ 1 ಇರುವ ಮಗುವಿಗೆ ಇನ್ಸುಲಿನ್ ತಪ್ಪಿದರೆ ಪ್ರಾಣಕ್ಕೇ ಅಪಾಯ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗಿರುವುದು ಎಸಿಆರ್. ಇದು ಮೂತ್ರದಲ್ಲಿ ಸೋರುವ ಅಲ್ಬುಮಿನ್ ಎಂಬ ಪ್ರೋಟೀನಿನ ಅಳತೆ. ಕಿಡ್ನಿ ಹೊರಹಾಕುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಒಂದು ಗ್ರಾಂಗೆ 30 ಮಿಲಿಗ್ರಾಂ ದಾಟಿ, ಮತ್ತೆ ಪರೀಕ್ಷಿಸಿದಾಗಲೂ ಹಾಗೇ ಇದ್ದರೆ ಕಿಡ್ನಿಯ ಜರಡಿ ಹಾಳಾಗತೊಡಗಿದೆ ಎಂದು ತಿಳಿಯಬೇಕು. ಅನೇಕರು ರಕ್ತದ ಕ್ರಿಯಾಟಿನಿನ್ ಸರಿಯಿದೆ ಎಂದು ನೆಮ್ಮದಿಯಾಗಿರುತ್ತಾರೆ. ಅದು ಕಣ್ಣಿಗೆ ಬೀಳುವಷ್ಟು ಏರುವ ಹೊತ್ತಿಗೆ ಕಿಡ್ನಿಯ ಅರ್ಧದಷ್ಟು ಶಕ್ತಿ ಹೋಗಿರಬಹುದು. ಎಸಿಆರ್ ಬೇಗ ಎಚ್ಚರಿಸುತ್ತದೆ, ಆಗ ಔಷಧಿಯೂ ಕೆಲಸ ಮಾಡುತ್ತದೆ.

ಇನ್ನು ರೆಟಿನೋಪತಿ, ಅಂದರೆ ಕಣ್ಣಿನ ಅಕ್ಷಿಪಟದ ನವಿರು ರಕ್ತನಾಳಗಳಿಗೆ ಸಕ್ಕರೆಯಿಂದ ಆಗುವ ಹಾನಿ. ಇದು ರಕ್ತದ ರಿಪೋರ್ಟಿನಲ್ಲಿ ಬರುವುದೇ ಇಲ್ಲ. ಆರಂಭದಲ್ಲಿ ನೋವಿಲ್ಲ, ದೃಷ್ಟಿಯೂ ಮಂಜಾಗುವುದಿಲ್ಲ. ಪಾಪೆಗೆ ಹನಿ ಹಾಕಿ ಒಳಗೆ ನೋಡಿದರೆ ಮಾತ್ರ ತಿಳಿಯುತ್ತದೆ. ಟೈಪ್ 2 ಎಂದು ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರ ಕಡತ ತೆಗೆದು ನೋಡಿ. ಕಳೆದ ಹನ್ನೆರಡು ತಿಂಗಳಲ್ಲಿ ಎಸಿಆರ್ ಪರೀಕ್ಷೆಯಾಗಲಿ ಕಣ್ಣಿನ ತಪಾಸಣೆಯಾಗಲಿ ಆಗಿಲ್ಲವಾದರೆ, ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಿ ಮಾಡಿಸಿ.